ಸ್ಕೋಪಿನ ಅಂಚಿನಲ್ಲಿ ನಿಂತಿದ್ದ ನಮ್ಮಣ್ಣ

"ಅಣ್ಣಾ, ದಾದಾ ದಪ್ಪ ಆಗ್ಬಿಟ್ಟವ್ರೆ! ಏನಾದ್ರೂ ಮಾಡಿ!"

2010ರ ಜನವರಿ ಮೊದಲ ವಾರ. ರಾತ್ರಿ ಎಂಟೂವರೆ. ಮಾರತ್ತಹಳ್ಳಿ ಸೇತುವೆಯಿಂದ ಮುನ್ನೇಕೊಳಾಲದ ಕಡೆಗೆ ತಿರುಗುವ ರಸ್ತೆಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿ. ಇನ್ನೇನು ಷಟರ್ ಎಳೆಯಬೇಕು, ಅಷ್ಟರಲ್ಲಿ ನಾಲ್ವರು ಹುಡುಗರು ಪ್ರತ್ಯಕ್ಷ! ಒಬ್ಬನ ಹೆಗಲ ಮೇಲೆ ಸಿ.ಪಿ.ಯು. ಇನ್ನೊಬ್ಬ ಮಾನಿಟರನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಾನೆ. ಮೂರನೆಯವನ ಕೈಯಲ್ಲಿ ವೈರುಗಳ ಗಂಟು. ನಾಲ್ಕನೆಯವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬಾ ಡಿಸ್ಕುಗಳು.

ಮಂಡ್ಯದವನೊಬ್ಬ, ಹಾಸನದವರಿಬ್ಬರು, ಬಳ್ಳಾರಿಯವನೊಬ್ಬ. ಹತ್ತಿರದ ಪಿ.ಜಿ.ಯಲ್ಲಿ ಒಂದೇ ರೂಮು ಹಂಚಿಕೊಂಡು ಸಾಫ್ಟ್‌ವೇರ್ ಕೋರ್ಸು ಓದುತ್ತಿದ್ದವರು. ಆಗ ಮಾರತ್ತಹಳ್ಳಿಯ ಬೀದಿ ಬೀದಿಯಲ್ಲಿ ಇಂಥ ಹುಡುಗರೇ. ಕೆಲಸ ಸಿಗುವವರೆಗೆ ಬೆಳಗ್ಗೆ ಕ್ಲಾಸು, ರಾತ್ರಿ ಪಿಕ್ಚರು!

ಆ ವಾರ ಮಾತ್ರ ಅವರು ಪಿಕ್ಚರ್ ನೋಡುತ್ತಿದ್ದುದು ಮೋಜಿಗಲ್ಲ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ಮೈಸೂರಿನಲ್ಲಿ ತೀರಿಕೊಂಡಿದ್ದರು. ಅಂದು ಇಡೀ ಬೆಂಗಳೂರು ಬಾಗಿಲು ಹಾಕಿತ್ತು. ಈ ನಾಲ್ವರೂ ಕೈಗೆ ಸಿಕ್ಕ ಡಿಸ್ಕುಗಳನ್ನೆಲ್ಲಾ ಸೇರಿಸಿ ಸಾಹಸಸಿಂಹನ ಚಿತ್ರಗಳನ್ನು ಒಂದಾದ ಮೇಲೊಂದು ಹಾಕಿ ಅಳುತ್ತಾ ನೋಡುತ್ತಿದ್ದರು. ಹಳೇ ಡಬ್ಬದಂಥ ಮಾನಿಟರ್ ಕೈಕೊಟ್ಟಿತು ಅಂತ ತಲೆಗಿಷ್ಟು ದುಡ್ಡು ಹಾಕಿ, ಯಾವುದೋ ಆಫೀಸಿನಿಂದ ಹೊರಬಿದ್ದ 19 ಇಂಚಿನ ಅಗಲದ ಮಾನಿಟರ್ ತಂದರು. ಹಾಕಿ ನೋಡಿದರೆ ಏನು? ದಾದಾ ಅವರ ಮುಖ ಕುಂಬಳಕಾಯಿ!

"ಹೋದೋರ ಮುಖಾನ ಹಿಂಗೆ ನೋಡಕ್ಕಾಗಲ್ಲ ಅಣ್ಣ" ಅಂದ ಮಂಡ್ಯದ ಹುಡುಗ. ಅವನ ಕಣ್ಣು ಕೆಂಪಗಿತ್ತು.

ಆ ಮಾತು ನನಗೆ ನೇರ ಎದೆಗೇ ತಾಕಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅರ್ಧ ಎಳೆದಿದ್ದ ಷಟರ್ ಮೇಲಕ್ಕೆ ತಳ್ಳಿ "ಒಳಗೆ ಬನ್ರಪ್ಪ" ಅಂದೆ.

ರೋಗ ಒಂದು, ಲಕ್ಷಣ ಒಂದು

ಚಿತ್ರರಸಿಕ ಮಿತ್ರರೇ, ಇದರ ಮರ್ಮ ಬಹಳ ಸುಲಭ. ಹಳೇ ಟಿವಿ, ಹಳೇ ಮಾನಿಟರುಗಳ ಗಾಜು 4:3. ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಹುಡುಗರು ತಂದ ಮಾನಿಟರ್ 16:10. ಅದಕ್ಕೆ ಹುಟ್ಟಿನಿಂದ ಬಂದ ಚುಕ್ಕಿಗಳ ಲೆಕ್ಕ ಅಡ್ಡಕ್ಕೆ 1440, ಎತ್ತರಕ್ಕೆ 900. ಆದರೆ ಕಂಪ್ಯೂಟರ್ ಅದಕ್ಕೆ ಕಳಿಸುತ್ತಿದ್ದುದು 1024ಕ್ಕೆ 768ರ ಚಿತ್ರ, ಅಂದರೆ ಅದೇ ಹಳೇ 4:3. ಪಾಪ, ಮಾನಿಟರ್ ಏನು ಮಾಡೀತು? ಬಂದ ಚಿತ್ರವನ್ನು ಅಕ್ಕಪಕ್ಕಕ್ಕೆ ಜಗ್ಗಿ ತನ್ನ ಮೈತುಂಬಾ ಹೊದ್ದುಕೊಂಡಿತು. ಲೆಕ್ಕ ಹಾಕಿ ನೋಡಿ, ನೂರಕ್ಕೆ ಇಪ್ಪತ್ತು ಅಗಲ ಜಾಸ್ತಿ! ದಾದಾ ಅಲ್ಲ, ಗಾಳಿಪಟದ ಕಡ್ಡಿಯಂಥವನನ್ನು ನಿಲ್ಲಿಸಿದರೂ ದಪ್ಪ ಕಾಣಿಸುತ್ತಾನೆ.

ಕಾರಣ ಏನು? ಹುಡುಗರು ವಿಂಡೋಸನ್ನು ಹೊಸದಾಗಿ ಹಾಕಿದ್ದರು, ಗ್ರಾಫಿಕ್ಸ್ ಡ್ರೈವರ್ ಹಾಕಿರಲಿಲ್ಲ. ಡ್ರೈವರ್ ಇಲ್ಲದಿದ್ದರೆ 1440-900 ಅನ್ನುವ ಆಯ್ಕೆಯೇ ಪಟ್ಟಿಯಲ್ಲಿ ಬರುವುದಿಲ್ಲ. ಡ್ರೈವರ್ ಹಾಕಿದೆ, ಸರಿಯಾದ ಅಳತೆ ಆರಿಸಿದೆ. ಪೇಂಟ್ ತೆರೆದು ಷಿಫ್ಟ್ ಕೀಲಿ ಒತ್ತಿಕೊಂಡು ಒಂದು ವೃತ್ತ ಎಳೆದೆ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಸ್ಕೇಲು ಇಟ್ಟು ಅಡ್ಡ, ಎತ್ತರ ಎರಡೂ ಅಳೆದೆ. ಸಮ! ಇದು ನನ್ನ ಖಾಯಂ ಪರೀಕ್ಷೆ. ಮುಖ ನೋಡಿ ಹೇಳೋಕೆ ಹೋದರೆ ಒಬ್ಬೊಬ್ಬರ ಕಣ್ಣು ಒಂದೊಂದು ಹೇಳುತ್ತದೆ. ವೃತ್ತ ಸುಳ್ಳು ಹೇಳುವುದಿಲ್ಲ.

ಡಿಸ್ಕು ಹಾಕಿದೆವು. ದಾದಾ ಬಂದರು, ಇದ್ದ ಹಾಗೇ ಬಂದರು! ಮಂಡ್ಯದ ಹುಡುಗ ಕೈ ಮುಗಿದ. ಆದರೆ ಹಾಸನದವನೊಬ್ಬ ತಕರಾರು ತೆಗೆದ.

"ಅಣ್ಣ, ಎರಡೂ ಕಡೆ ಕಪ್ಪು ಬಂತಲ್ಲ? ನಾವು ದುಡ್ಡು ಕೊಟ್ಟಿದ್ದು ಫುಲ್ ಸ್ಕ್ರೀನಿಗೆ. ಅದನ್ನ ತುಂಬಿಸಿ ಕೊಡಿ."

ನನಗೆ ಎಲ್ಲಿತ್ತೋ ಸಿಟ್ಟು! "ತುಂಬಿಸಬಾರದು ಕಣೋ!" ಅಂತ ಗದರಿಬಿಟ್ಟೆ. ಹುಡುಗರು ಬೆಚ್ಚಿದರು. ನನಗೇ ನಾಚಿಕೆಯಾಯಿತು. ಪಕ್ಕದ ಅಂಗಡಿಯಿಂದ ಐದು ಟೀ ಹೇಳಿ, ಅವರನ್ನು ಕೂರಿಸಿಕೊಂಡು ನಮ್ಮಣ್ಣನ ಕಥೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತಿದ್ದೇನೆ.

"ಸೈಕಲ್ ಇರೋರು ಯಾರು?"

ನಾವು ಮಾರತ್ತಹಳ್ಳಿಯವರೇ. ಹೊರವರ್ತುಲ ರಸ್ತೆ, ಸೇತುವೆ, ಮಾಲು ಇವೆಲ್ಲಾ ಕನಸಿನಲ್ಲೂ ಇಲ್ಲದ ಕಾಲದವರು. ಆಗ ಸುತ್ತಲೂ ರಾಗಿ ಹೊಲ, ತೆಂಗಿನ ತೋಟ. ತಲೆಯ ಮೇಲೆ ಎಚ್.ಎ.ಎಲ್. ವಿಮಾನಗಳ ಸದ್ದು. 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನದಿಂದಲೇ ಊರಿಗೆ ಈ ಹೆಸರು ಬಂತು ಅಂತ ಜನ ಕಥೆ ಕಟ್ಟಿ ಹೇಳುತ್ತಿದ್ದರು. ಅಪ್ಪ ಎಚ್.ಎ.ಎಲ್. ನೌಕರ. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅವನಿಗೆ ಕೆಲಸ ಅಂತ ಇದ್ದುದು ಒಂದೇ, ಸಿನಿಮಾ!

ಮನೆಯ ಸೈಕಲ್ ಹತ್ತಿ, ನನ್ನನ್ನು ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಎಚ್.ಎ.ಎಲ್. ದಾಟಿ ಹಲಸೂರಿಗೆ ತುಳಿಯುತ್ತಿದ್ದ. ಗಾಂಧಿ ಕ್ಲಾಸಿನಲ್ಲಿ ಕತ್ತು ಮೇಲೆತ್ತಿ ಸೆಕೆಂಡ್ ಶೋ ನೋಡಿ ಮತ್ತೆ ಕತ್ತಲಲ್ಲಿ ವಾಪಸ್. ನಡುವೆ ಪೊಲೀಸಿನವರು ಹಿಡಿದರೆ ಡೈನಮೋ ಕೆಟ್ಟಿದೆ ಅನ್ನುವ ಡೈಲಾಗು!

1980ರಲ್ಲಿ ಒಂದು ಕನ್ನಡ ಚಿತ್ರದ ಹೊರಾಂಗಣ ಚಿತ್ರೀಕರಣ ಬೆಂಗಳೂರಿನ ಹೊರವಲಯದ ಒಂದು ಹಳ್ಳಿಯಲ್ಲಿ ನಡೆಯಿತು. ಚಿತ್ರದ ಹೆಸರು ಇಲ್ಲಿ ಬೇಡ. ಅಣ್ಣನ ಹೆಸರನ್ನು ಅವರು ತೆರೆಯ ಮೇಲೆ ಹಾಕಲಿಲ್ಲ, ಅವರ ಹೆಸರನ್ನು ನಾನು ಇಲ್ಲಿ ಹಾಕುವುದಿಲ್ಲ, ಲೆಕ್ಕ ಚುಕ್ತಾ! ನೋಡಲು ಹೋಗಿ ಗುಂಪಿನಲ್ಲಿ ನಿಂತಿದ್ದ ಅಣ್ಣ. ಸಹಾಯಕ ನಿರ್ದೇಶಕರು ಬಂದು ಕೂಗಿದರಂತೆ, "ಸೈಕಲ್ ಇರೋರು ಯಾರಪ್ಪ?" ಅಣ್ಣನ ಕೈ ಎಲ್ಲರಿಗಿಂತ ಮೇಲೆ!

ದೃಶ್ಯ ಇಷ್ಟು. ಹಳ್ಳಿಯ ನಿಲ್ದಾಣದಲ್ಲಿ ಬಸ್ಸು ನಿಲ್ಲುತ್ತದೆ. ನಾಯಕಿ ಇಳಿಯುತ್ತಾಳೆ. ನಾಯಕ ಎದುರು ಬರುತ್ತಾನೆ. ತೆರೆಯ ಎಡತುದಿಯಲ್ಲಿ ಅರಳಿಮರದ ಕೆಳಗೆ ಒಬ್ಬ ಯುವಕ ಸೈಕಲ್ ಹಿಡಿದು ನಿಂತಿದ್ದಾನೆ. ಏಳೆಂಟು ಸೆಕೆಂಡು. "ಯಾವ ಕಾರಣಕ್ಕೂ ಕ್ಯಾಮೆರಾ ನೋಡಬೇಡಿ" ಅಂತ ಎಲ್ಲರಿಗೂ ತಾಕೀತು ಮಾಡಿದ್ದರು. ಎಲ್ಲರೂ ನಾಯಕಿಯನ್ನು ನೋಡಿದರು. ನಮ್ಮಣ್ಣ ಒಂದೇ ಒಂದು ಕ್ಷಣ ಕ್ಯಾಮೆರಾ ನೋಡಿಬಿಟ್ಟ! ಕೈಗೆ ಬಂದದ್ದು ಇಪ್ಪತ್ತೈದು ರೂಪಾಯಿ, ಎರಡು ಹೊತ್ತಿನ ಊಟ.

1981ರಲ್ಲಿ ಚಿತ್ರ ಮೆಜೆಸ್ಟಿಕ್ಕಿನಲ್ಲಿ ಬಿಡುಗಡೆಯಾಯಿತು. ಅಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ಬಾಲ್ಕನಿಯಲ್ಲಿ ಕೂತಳು. ಆ ದೃಶ್ಯ ಬಂದಾಗ ಅಣ್ಣನ ಗೆಳೆಯರು ಹಾಕಿದ ಸಿಳ್ಳೆಗೆ ನಾಯಕನೇ ಹೆದರಬೇಕಿತ್ತು. ಅಮ್ಮ ಮಾತ್ರ "ನನ್ನೇ ನೋಡ್ದ ಕಣೋ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ನೋಡಿದ್ದು ಕ್ಯಾಮೆರಾವನ್ನು. ಆದರೆ ತೆರೆಯ ಮೇಲೆ ಅದು ಬಾಲ್ಕನಿಯ ಕಡೆಗೇ ನೋಡಿದ ಹಾಗಿತ್ತು.

1984ರಲ್ಲಿ ಅಣ್ಣ ರಸ್ತೆ ಅಪಘಾತದಲ್ಲಿ ಹೋದ. ಇಪ್ಪತ್ತೈದು ವರ್ಷ. ಮನೆಯಲ್ಲಿ ಉಳಿದದ್ದು ಎಸ್.ಎಸ್.ಎಲ್.ಸಿ. ಹಾಲ್ ಟಿಕೆಟ್ಟಿನ ಒಂದು ಫೋಟೋ. ನಡೆದಾಡುವ, ತಲೆ ತಿರುಗಿಸಿ ನೋಡುವ ಅಣ್ಣ ಇದ್ದುದು ಆ ಚಿತ್ರದಲ್ಲಿ ಮಾತ್ರ.

ಸೈಕಲ್ ಐತೆ, ಮಗ ಎಲ್ಲಿ?

1989. ಭಾನುವಾರ. ಆ ಚಿತ್ರ ಟಿವಿಯಲ್ಲಿ ಬರುತ್ತದೆ ಅಂತ ತಿಳಿಯಿತು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಎದುರು ಮನೆಯಲ್ಲಿ ಅರ್ಧ ಊರು ಸೇರಿತು. ಅಮ್ಮನಿಗೆ ಮುಂದಿನ ಸಾಲಿನಲ್ಲಿ ಚಾಪೆ.

ಟೈಟಲ್ ಬಂದಾಗಲೇ ಏನೋ ಎಡವಟ್ಟು. ಅಕ್ಷರಗಳೆಲ್ಲ ಬತ್ತಿಯ ಹಾಗೆ ಸಪೂರ, ಉದ್ದ. ಹೆಸರುಗಳು ಮುಗಿದು ಕಥೆ ಶುರುವಾದ ಕೂಡಲೇ ಎಲ್ಲರೂ ಸರಿಯಾದ ಮೈಕಟ್ಟಿಗೆ ಬಂದರು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆ ಕಾಲದಲ್ಲಿ ಟಿವಿಯ ಮುಂದೆ ಕೂತ ನಿಮ್ಮಲ್ಲಿ ಎಷ್ಟೋ ಮಂದಿಗೆ ಈ ಸಪೂರ ಅಕ್ಷರ ನೆನಪಿರಬಹುದು.

ಬಸ್ಸು ಬಂತು. ನಾಯಕಿ ಇಳಿದಳು. ನಾಯಕ ಬಂದ. ಅಣ್ಣ... ಇಲ್ಲ! ಅರಳಿಮರ ಇಲ್ಲ. ಎಡಗಡೆ ಚೌಕಟ್ಟಿನ ಅಂಚಿನಲ್ಲಿ ಸೈಕಲ್ಲಿನ ಮುಂದಿನ ಟಯರಿನ ಒಂದು ಚೂರು ಮಾತ್ರ ಇಣುಕಿತು. ಅಷ್ಟೇ. ದೃಶ್ಯ ಮುಗಿಯಿತು.

"ಸೈಕಲ್ ಐತೆ, ಮಗ ಎಲ್ಲೋದ?" ಅಂದಳು ಅಮ್ಮ.

ಯಾರೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸತ್ತೋರನ್ನ ಟಿವಿಯೋರು ತೆಗೆದಾಕ್ತಾರೇನೋ ಕಣಪ್ಪ."

ನನಗೆ ಇಪ್ಪತ್ತೆರಡು ವರ್ಷ. ಸುಮ್ಮನಿರಲಾಗಲಿಲ್ಲ. ಹಲಸೂರಿನ ಒಂದು ಚಿತ್ರಮಂದಿರದ ಆಪರೇಟರ್ ನಮಗೆ ಗುರುತು. ಅಣ್ಣನಿಗೆ ಬೀಡಿ ದೋಸ್ತಿ. ಹೋಗಿ ಕೇಳಿದೆ. ಅವರು ಪ್ರೊಜೆಕ್ಟರ್ ಕೋಣೆಗೆ ಕರೆದುಕೊಂಡು ಹೋಗಿ, ಒಂದು ಸ್ಕೋಪ್ ಚಿತ್ರದ ತುಂಡು ರೀಲನ್ನು ಬಲ್ಬಿನ ಮುಂದೆ ಹಿಡಿದರು. ಅಯ್ಯೋ! ಅದರಲ್ಲಿದ್ದ ಜನರೆಲ್ಲ ಊದುಬತ್ತಿ! ಗಾಡಿಯ ಚಕ್ರ ನಿಲ್ಲಿಸಿದ ಮೊಟ್ಟೆ!

"ಇದು ತಪ್ಪಲ್ಲ, ಇದೇ ಸ್ಕೋಪು" ಅಂದರು ಅವರು. "ಕ್ಯಾಮೆರಾದ ಲೆನ್ಸು ಎರಡರಷ್ಟು ಅಗಲದ ದೃಶ್ಯನ ಹಿಂಡಿ ಇಷ್ಟು ಜಾಗಕ್ಕೆ ತುಂಬುತ್ತೆ. ನನ್ನ ಪ್ರೊಜೆಕ್ಟರ್ ಲೆನ್ಸು ಅದನ್ನ ಮತ್ತೆ ಎರಡರಷ್ಟು ಬಿಚ್ಚುತ್ತೆ. ನಾನು ಆ ಲೆನ್ಸು ಹಾಕೋದು ಮರೆತ ದಿನ ಗಾಂಧಿ ಕ್ಲಾಸಿನೋರು ಸೀಟು ಹರಿದಾಕ್ತಾರೆ!"

ಹಿಂಡಿದವರು ಬಿಚ್ಚಬೇಕು, ಅಷ್ಟೇ ವಿದ್ಯೆ. ಟೈಟಲ್‌ನಲ್ಲಿ ಎಲ್ಲಾ ಹೆಸರೂ ಕಾಣಲಿ ಅಂತ ಹಿಂಡಿದ್ದನ್ನು ಹಾಗೇ ತೋರಿಸಿದ್ದರು. ಕಥೆ ಶುರುವಾದ ಮೇಲೆ ಸರಿಯಾಗಿ ಬಿಚ್ಚಿ, 4:3ರ ಟಿವಿಗೆ ಹಿಡಿಸುವಷ್ಟು ನಡುಭಾಗ ಇಟ್ಟುಕೊಂಡು ಅಕ್ಕಪಕ್ಕ ಕತ್ತರಿಸಿದ್ದರು. ಸ್ಕೋಪಿನ ಎತ್ತರ 1 ಅಡಿ ಇದ್ದರೆ ಅಗಲ 2.35 ಅಡಿ. ಟಿವಿಯದು 1.33 ಅಡಿ. ನೂರು ಪಾಲಿನಲ್ಲಿ 43 ಪಾಲು ಚಿತ್ರ ಹೊರಗೆ! ನಮ್ಮಣ್ಣ ಆ 43ರಲ್ಲಿದ್ದ. ಸತ್ತ ಅಂತ ಅವನನ್ನು ತೆಗೆದದ್ದಲ್ಲ. ನಡುವೆ ನಿಲ್ಲುವ ಯೋಗ್ಯತೆ ಅವನಿಗಿರಲಿಲ್ಲ, ಅದಕ್ಕೆ!

ಮೈಸೂರಿನವರ ಕಣ್ಣು

ಸ್ಕೋಪ್ ಹುಟ್ಟಿದ ಕಥೆ ಓದಿದಾಗ ನನಗೆ ನಗು ಬಂತು, ಸಿಟ್ಟೂ ಬಂತು. ಹಿಂಡುವ ಲೆನ್ಸನ್ನು ಫ್ರಾನ್ಸಿನ ಖಗೋಳ ವಿಜ್ಞಾನಿ ಆನ್ರಿ ಕ್ರೆಟಿಯೆನ್ 1920ರ ದಶಕದಲ್ಲೇ ಮಾಡಿಟ್ಟಿದ್ದರು. ಬಹಳ ಕಾಲ ಯಾರೂ ಅದನ್ನು ದೊಡ್ಡದಾಗಿ ಬಳಸಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಮನೆಮನೆಗೆ ಟಿವಿ ಬಂದು ಥಿಯೇಟರುಗಳು ಖಾಲಿ ಹೊಡೆಯತೊಡಗಿದಾಗ, ಟಿವಿಯಲ್ಲಿ ಸಿಗದ ಅಗಲ ತೋರಿಸುತ್ತೇವೆ ಅಂತ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ 1953ರಲ್ಲಿ 'ದಿ ರೋಬ್' ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ತಂದಿತು. ಟಿವಿಯನ್ನು ಸೋಲಿಸಲು ಹುಟ್ಟಿದ ಸ್ಕೋಪನ್ನು ಕೊನೆಗೆ ಟಿವಿಯೇ ಎರಡೂ ಕಡೆ ಕಚ್ಚಿ ತಿಂದಿತು, ನೋಡಿ ವಿಧಿ!

ನಮ್ಮ ದೇಶಕ್ಕೆ ಸ್ಕೋಪ್ ಬಂದದ್ದು 1959ರಲ್ಲಿ, ಗುರುದತ್ ಅವರ 'ಕಾಗಜ್ ಕೆ ಫೂಲ್' ಚಿತ್ರದಿಂದ. ಕ್ಯಾಮೆರಾ ಹಿಡಿದವರು ಯಾರು? ನಮ್ಮ ಮೈಸೂರಿನ ವಿ.ಕೆ. ಮೂರ್ತಿ! ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದ ಒಳಗೆ ತಿರುಗಿಸಿ ಬೆಳಕಿನ ಕೋಲು ಮಾಡಿದ ಆ ದೃಶ್ಯ ಇವತ್ತಿಗೂ ಛಾಯಾಗ್ರಾಹಕರಿಗೆ ಪಾಠ. ಆ ಅಗಲದ ಚೌಕಟ್ಟಿನಲ್ಲಿ ಒಂಟಿ ಮನುಷ್ಯನನ್ನು ನಿಲ್ಲಿಸಿ ಸುತ್ತ ಖಾಲಿ ಬಿಟ್ಟರೆ ಅವನ ಒಂಟಿತನ ಮಾತಿಲ್ಲದೆ ಕಾಣುತ್ತದೆ. ಆ ಖಾಲಿಯನ್ನು ಕತ್ತರಿಸಿದರೆ ಉಳಿಯುವುದು ಬರೀ ಮುಖ.

ಕನ್ನಡಕ್ಕೆ ಸ್ಕೋಪ್ ಬಂದದ್ದು 1977ರ 'ಸೊಸೆ ತಂದ ಸೌಭಾಗ್ಯ' ಚಿತ್ರದಲ್ಲಿ. ವಿಷ್ಣುವರ್ಧನ್ ಮತ್ತು ಮಂಜುಳಾ! ಹುಡುಗರಿಗೆ ಇದನ್ನು ಹೇಳಿದಾಗ ಮಂಡ್ಯದವನು ಎದ್ದು ನಿಂತ. "ಅಂದ್ರೆ ಕನ್ನಡದ ಫಸ್ಟ್ ಸ್ಕೋಪ್ ಹೀರೋ ನಮ್ ದಾದಾನೇ!" ಹೌದಪ್ಪ, ನಿಮ್ಮ ದಾದಾನೇ. ಅಂಥವರನ್ನು ಜಗ್ಗಿ, ಕತ್ತರಿಸಿ ನೋಡುತ್ತೀರಾ?

ಇನ್ನೊಂದು ವಿಶೇಷ. ಅದೇ 2010ರ ಜನವರಿಯಲ್ಲಿ ಮೂರ್ತಿಯವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪ್ರಕಟವಾಯಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು.

ಚೀಲದಲ್ಲಿದ್ದ ಡಿಸ್ಕು

ಮಧ್ಯೆ 2002ರಲ್ಲಿ ಎಸ್.ಪಿ. ರೋಡಿಗೆ ಹೋದಾಗ ಫುಟ್‌ಪಾತಿನಲ್ಲಿ ಅಣ್ಣನ ಚಿತ್ರದ ವಿ.ಸಿ.ಡಿ. ಸಿಕ್ಕಿತ್ತು. ಓಡೋಡಿ ಬಂದು ಹಾಕಿದೆ. ಅದೂ ಟಿವಿಗೆ ಕತ್ತರಿಸಿದ ಪ್ರತಿಯೇ. ಅದೇ ಟಯರಿನ ಚೂರು. ಅಮ್ಮನಿಗೆ ತೋರಿಸಲಿಲ್ಲ. ಆಮೇಲೆ ಹುಡುಕುವುದನ್ನೇ ಬಿಟ್ಟೆ.

ಈ ಕಥೆ ಮುಗಿಸಿ ಟೀ ಲೋಟ ಕೆಳಗಿಟ್ಟಾಗ, ಅಲ್ಲಿವರೆಗೂ ಬಾಯಿಬಿಡದ ಬಳ್ಳಾರಿ ಹುಡುಗ ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕಿದ. "ಅಣ್ಣಾ, ಪಿಕ್ಚರ್ ಹೆಸರೇನಂದ್ರಿ?" ಮತ್ತೊಮ್ಮೆ ಹೇಳಿದೆ. ಅವನು ಒಂದು ಡಿ.ವಿ.ಡಿ. ತೆಗೆದು ನನ್ನ ಮುಂದೆ ಇಟ್ಟ. ಯಾರೋ ಗೆಳೆಯ ಕೊಟ್ಟ ಹಳೇ ಡಿಸ್ಕುಗಳ ಕಟ್ಟಿನಲ್ಲಿ ಬಂದಿತ್ತಂತೆ. "ಬಾಕ್ಸ್ ಮ್ಯಾಲೆ ಸ್ಕೋಪ್ ಅಂತ ಬರೆದೈತ್ರಿ."

ನನ್ನ ಕೈ ನಡುಗಿತು, ಸುಳ್ಳು ಹೇಳಲ್ಲ.

ಹಾಕಿದೆ. ಮತ್ತೆ ಗ್ರಹಚಾರ! ಮಾನಿಟರ್ ಸರಿಯಿದೆ, ಆದರೆ ಈಗ ಎಲ್ಲರೂ ಸಪೂರ. ಹುಡುಗರು ನನ್ನ ಮುಖ ನೋಡಿದರು. ಇದು ಮಾನಿಟರಿನ ತಪ್ಪಲ್ಲ, ಡಿಸ್ಕಿನದು. ಡಿ.ವಿ.ಡಿ.ಯಲ್ಲಿ ಚಿತ್ರ ಕೂತಿರುವುದು ಅಡ್ಡಕ್ಕೆ 720, ಎತ್ತರಕ್ಕೆ 576 ಚುಕ್ಕಿಗಳಲ್ಲಿ. ಅದೇ ಚುಕ್ಕಿಗಳನ್ನು 4:3 ಆಗಿ ಬಿಡಿಸಬೇಕೋ 16:9 ಆಗಿ ಬಿಡಿಸಬೇಕೋ ಅನ್ನುವುದಕ್ಕೆ ಡಿಸ್ಕಿನೊಳಗೆ ಒಂದು ಗುರುತು ಇರುತ್ತದೆ. ಈ ಡಿಸ್ಕಿನಲ್ಲಿ 16:9ರ ಚಿತ್ರಕ್ಕೆ 4:3ರ ಗುರುತು ಬಿದ್ದಿತ್ತು. ಆಪರೇಟರ್ ಲೆನ್ಸು ಹಾಕಲು ಮರೆತ ಹಾಗೆಯೇ!

ಬಸ್ಸಿನ ದೃಶ್ಯಕ್ಕೆ ಓಡಿಸಿ ನಿಲ್ಲಿಸಿದೆ. ಎಡತುದಿಯಲ್ಲಿ ಅರಳಿಮರ. ಅದರ ಕೆಳಗೆ ಊದುಬತ್ತಿಯಂಥ ಒಬ್ಬ ಹುಡುಗ. ಅವನ ಕೈಯಲ್ಲಿ ಸೈಕಲ್. ಮುಖದ ಕಡೆ ನೋಡುವ ಧೈರ್ಯ ಬರಲಿಲ್ಲ. ಸ್ಕೇಲು ತೆಗೆದುಕೊಂಡು ಚಕ್ರ ಅಳೆದೆ. ಎತ್ತರ 41 ಮಿಲಿಮೀಟರ್, ಅಗಲ 31. ನಾಲ್ಕಕ್ಕೆ ಮೂರು. ಅಂದುಕೊಂಡದ್ದು ಸರಿ.

ವಿ.ಎಲ್.ಸಿ. ಪ್ಲೇಯರಿನಲ್ಲಿ, ಅದೇ ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಚಿಹ್ನೆಯದು, 'ಎ' ಕೀಲಿ ಒತ್ತಿದರೆ ಅಗಲ-ಎತ್ತರದ ಪ್ರಮಾಣ ಒಂದೊಂದಾಗಿ ಬದಲಾಗುತ್ತದೆ. "ಸ್ಕೋಪ್ ಅಲ್ವಾ ಅಣ್ಣ, 2.35 ಹಾಕಿ" ಅಂದ ಹಾಸನದವನು. ಬುದ್ಧಿವಂತ, ಆದರೆ ತಪ್ಪು. ಮೇಲಿನ ಕೆಳಗಿನ ಕಪ್ಪು ಪಟ್ಟಿಯೂ ಡಿಸ್ಕಿನ ಚಿತ್ರದೊಳಗೇ ಸೇರಿತ್ತು. ಪಟ್ಟಿ ಸೇರಿ ಲೆಕ್ಕ 16:9. 2.35 ಹಾಕಿದ್ದರೆ ಅಣ್ಣ ಕುಂಬಳಕಾಯಿ ಆಗುತ್ತಿದ್ದ. ಒತ್ತುತ್ತಾ ಹೋಗಿ 16:9 ಬಂದಾಗ ಕೈ ಎತ್ತಿದೆ.

ಮತ್ತೆ ಸ್ಕೇಲು. ಎತ್ತರ 37, ಅಗಲ 37.

ಆಗ ಮುಖ ನೋಡಿದೆ. ಅಣ್ಣ! ಇಪ್ಪತ್ತೊಂದು ವರ್ಷದ ಅಣ್ಣ. ಕೆದರಿದ ಕೂದಲು, ತೋಳು ಮಡಚಿದ ಷರಟು. ನಾನು ಆಗ ನಲವತ್ತು ದಾಟಿದವನು. ನನ್ನ ಮಗನಾಗುವ ವಯಸ್ಸಿನ ಅಣ್ಣ!

ಹುಡುಗರು ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಂಡ್ಯದವನೇ ಎದ್ದು ವೈರು ಬಿಚ್ಚತೊಡಗಿದ. "ನಡೀರಣ್ಣ, ಅಮ್ಮನ ಹತ್ರ ಹೋಗಾಣ."

ರಾತ್ರಿ ಹತ್ತು ಗಂಟೆಗೆ ಮಾರತ್ತಹಳ್ಳಿಯ ಹಳೇ ಊರಿನ ಗಲ್ಲಿಯಲ್ಲಿ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಮಾನಿಟರ್, ಹಿಂದೆ ಸಿ.ಪಿ.ಯು., ನಡುವೆ ನಾನು ಡಿಸ್ಕು ಹಿಡಿದು. ಎಪ್ಪತ್ತು ದಾಟಿದ ಅಮ್ಮ ಮಲಗಿದ್ದವಳು ಎದ್ದು ಕೂತಳು. ಅಡುಗೆಮನೆಯ ಪ್ಲಗ್ಗಿನಿಂದ ವೈರು ಎಳೆದು ಮಂಚದ ಮುಂದೆ ಸ್ಟೂಲಿನ ಮೇಲೆ ಇಟ್ಟೆವು.

ಬಸ್ಸು ಬಂತು. ಅಮ್ಮ ನಾಯಕಿಯನ್ನು ನೋಡಲೇ ಇಲ್ಲ. ಅವಳ ಕಣ್ಣು ನೇರ ಎಡಗಡೆಗೆ. ಇಪ್ಪತ್ತೊಂಬತ್ತು ವರ್ಷದ ನಂತರವೂ ಜಾಗ ಮರೆತಿರಲಿಲ್ಲ! ಅಣ್ಣ ತಲೆ ತಿರುಗಿಸಿದ. ನೋಡಿದ.

"ತಲೆ ಬಾಚ್ಕೊಂಡಿಲ್ಲ ನೋಡು" ಅಂದಳು ಅಮ್ಮ. "ಎಣ್ಣೆ ಹಾಕ್ಕೊಂಡು ಹೋಗೋ ಅಂತ ಅವತ್ತೇ ಬಡ್ಕೊಂಡೆ."

ಆರು ಸಲ ಹಾಕಿಸಿದಳು. ಆರನೇ ಸಲ ಅವಳಿಗೂ ಹಾಸನದವನ ಅನುಮಾನವೇ ಬಂತು. "ಮ್ಯಾಲೆ ಕೆಳಗೆ ಅದ್ಯಾಕಪ್ಪ ಕಪ್ಪು? ಪೂರ್ತಿ ತುಂಬ್ಕೊಂಡಿದ್ರೆ ಅವನು ಇನ್ನೂ ದೊಡ್ಡದಾಗಿ ಕಾಣ್ತಿರ್ಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಹಾಸನದ ಹುಡುಗ ಹೇಳಿದ. "ತುಂಬ್ಸಿದ್ರೆ ಅಣ್ಣ ಆಚೆ ಹೋಗ್ಬಿಡ್ತಾರಮ್ಮ. ಆ ಕಪ್ಪು ಇದ್ರೇನೇ ಅವ್ರಿಗೆ ಜಾಗ."

ಈಗ ನಿಮ್ಮ ಕೈಯಲ್ಲಿ

ಅಮ್ಮ 2015ರಲ್ಲಿ ಹೋದಳು. ಅಲ್ಲಿಯವರೆಗೂ ಪ್ರತಿ ವರ್ಷ ಅಣ್ಣನ ತಿಥಿಯ ದಿನ ಎಡೆ ಇಟ್ಟಾದ ಮೇಲೆ ಆ ದೃಶ್ಯ ಒಮ್ಮೆ ಹಾಕಿಸುತ್ತಿದ್ದಳು. ಆ ನಾಲ್ವರಲ್ಲಿ ಮೂವರಿಗೆ ಬೇಗ ಕೆಲಸ ಸಿಕ್ಕಿತು. ಮಂಡ್ಯದವನು ಊರಿಗೆ ವಾಪಸಾಗಿ ಬೇಸಾಯ ಹಿಡಿದ. ಈಗಲೂ ಸೆಪ್ಟೆಂಬರ್ 18ರಂದು, ದಾದಾ ಹುಟ್ಟಿದ ದಿನ, ಫೋನು ಮಾಡುತ್ತಾನೆ.

ಈಗ ಡಬ್ಬದ ಮಾನಿಟರೂ ಇಲ್ಲ, ಡಿಸ್ಕೂ ಅಪರೂಪ. ಸಿನಿಮಾ ನಿಮ್ಮ ಅಂಗೈಯಲ್ಲೇ ಇದೆ. ಆದರೆ ತಪ್ಪು ಮಾತ್ರ ಅದೇ! ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗರನ್ನು ನೋಡುತ್ತೇನೆ. ಚಿತ್ರ ಶುರುವಾದ ಕೂಡಲೇ ಎರಡು ಬೆರಳಿಟ್ಟು ಜಗ್ಗುತ್ತಾರೆ, ಫೋನ್ ತುಂಬಬೇಕು ಅಂತ. ಉದ್ದನೆಯ ಫೋನುಗಳ ತೆರೆ ಹೆಚ್ಚಾಗಿ 20:9. ಅದರಲ್ಲಿ 16:9ರ ಚಿತ್ರವನ್ನು ಜಗ್ಗಿ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಐದರಲ್ಲಿ ಒಂದು ಪಾಲು ಮಾಯ. ನಾಯಕನ ತಲೆಗೂದಲು, ನಾಯಕಿಯ ಕಾಲ್ಗೆಜ್ಜೆ ಎರಡೂ ಹೊರಗೆ!

ಇನ್ನೊಂದು ಅನ್ಯಾಯ ನಮ್ಮ ಹಳೇ ಕಪ್ಪು-ಬಿಳುಪು ಚಿತ್ರಗಳಿಗೆ. ಅಣ್ಣಾವ್ರ ಆ ಕಾಲದ ಚಿತ್ರಗಳು ಹೆಚ್ಚುಕಡಿಮೆ 4:3ರ ಚೌಕಟ್ಟಿನವು. ಅಂಥವನ್ನು ಇಂಟರ್‌ನೆಟ್ಟಿಗೆ ಏರಿಸುವಾಗ ಎಷ್ಟೋ ಮಂದಿ ಎಳೆದು 16:9 ಮಾಡುತ್ತಾರೆ. ನೂರು ಇದ್ದದ್ದು ನೂರ ಮೂವತ್ತಮೂರು ಅಗಲ! ತೆಳ್ಳಗೆ ಬೆತ್ತದಂತಿದ್ದ ರಾಜ್‌ಕುಮಾರ್ ಅವರನ್ನು ಇವತ್ತಿನ ಮಕ್ಕಳು ಗಿಡ್ಡ, ದಪ್ಪ ಅಂದುಕೊಂಡರೆ ಯಾರ ತಪ್ಪು? ಅಂಥ ಚಿತ್ರ ಕಂಪ್ಯೂಟರಿನಲ್ಲಿ ಇದ್ದರೆ ಪ್ಲೇಯರಿನಲ್ಲಿ 4:3 ಆರಿಸಿ ನೋಡಿ. ಅಣ್ಣಾವ್ರು ಎದ್ದು ನಿಲ್ಲುತ್ತಾರೆ. ಮನೆಯ ದೊಡ್ಡ ಟಿವಿಯಲ್ಲಾದರೆ ರಿಮೋಟಿನಲ್ಲಿ ಚಿತ್ರದ ಅಳತೆಯ ಆಯ್ಕೆ ಹುಡುಕಿ. ಕಂಪ್ಯೂಟರಿಗೆ ಹೊಸ ಮಾನಿಟರ್ ತಂದರೆ ಮೊದಲು ಡ್ರೈವರ್ ಹಾಕಿ, ಅದರ ಹುಟ್ಟಿನ ಅಳತೆ ಆರಿಸಿ, ಆಮೇಲೆ ಸಿನಿಮಾ.

ಸರಿಯೋ ತಪ್ಪೋ ಅನುಮಾನ ಬಂದರೆ ಮುಖ ನೋಡಬೇಡಿ. ದೃಶ್ಯದಲ್ಲಿ ಎಲ್ಲಾದರೂ ಒಂದು ಚಕ್ರ, ತಟ್ಟೆ, ಗಡಿಯಾರ, ಹುಣ್ಣಿಮೆ ಚಂದ್ರ ನೇರಕ್ಕೆ ಕಾಣುವವರೆಗೆ ಕಾಯಿರಿ. ಅದು ಗುಂಡಗಿದ್ದರೆ ಎಲ್ಲರೂ ಸರಿಯಿದ್ದಾರೆ. ಮೊಟ್ಟೆಯಾಗಿದ್ದರೆ ಸರಿಮಾಡಿ.

ಕಪ್ಪು ಪಟ್ಟಿ ಬಂದರೆ ಬೈಯಬೇಡಿ, ಸ್ವಾಮಿ. ಯಾವ ಚಿತ್ರದ ಯಾವ ಅಂಚಿನಲ್ಲಿ ಯಾರ ಮನೆಯ ಹುಡುಗ ಸೈಕಲ್ ಹಿಡಿದು ನಿಂತಿದ್ದಾನೋ!